ಪಾರ್ಕಿನ್ಸನ್ಸ್ ಇರುವವರ ಮನೆಗೆ ಡಿಜಿಟಲ್ ಬಿಪಿ ಮಷೀನ್: ಎಷ್ಟು ನಂಬಬಹುದು?

ತೋಳಿಗೆ ಪಟ್ಟಿ ಸುತ್ತುವ ಬಿಪಿ ಮಷೀನ್ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಬಳಕೆಯಲ್ಲಿದೆ. ಅಪ್ಪನಿಗೆ ಪಾರ್ಕಿನ್ಸನ್ಸ್, ಅಂದರೆ ಕೈಕಾಲು ನಡುಗಿಸುವ ನರಸಂಬಂಧಿ ಕಾಯಿಲೆ. ಕೊಳ್ಳುವಾಗ ನಾನು ಓದಿದ ವಿಮರ್ಶೆಗಳಲ್ಲೆಲ್ಲ "ಬಳಸೋದು ಸುಲಭ" ಅಂತಷ್ಟೇ ಇತ್ತು. ಕೈ ನಡುಗುವವರಿಗೆ ಹೇಗೆ ಅಂತ ಯಾರೂ ಬರೆದಿರಲಿಲ್ಲ.

ನಡುಕವೇ ಇಲ್ಲಿ ಮೊದಲ ತೊಡಕು. ಪಟ್ಟಿಯಲ್ಲಿರುವ ಗಾಳಿಗೆ ರಕ್ತನಾಳದ ಮಿಡಿತ ತಟ್ಟಿದಾಗ ಆಗುವ ಸಣ್ಣ ಏರಿಳಿತ ನೋಡಿ ಮಷೀನ್ ಲೆಕ್ಕ ಹಾಕುತ್ತದೆ. ಪಾರ್ಕಿನ್ಸನ್ಸ್ ನಡುಕ ಸೆಕೆಂಡಿಗೆ 4ರಿಂದ 6 ಸಲ. ಅದೂ ಅದೇ ಪಟ್ಟಿಯನ್ನು ಅಲುಗಿಸುತ್ತದೆ. ಅಪ್ಪನ ಬಲಗೈ ಜಾಸ್ತಿ ನಡುಗುತ್ತದೆ. ಅದಕ್ಕೆ ಸುತ್ತಿದರೆ ಪಟ್ಟಿ ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ, ಕೊನೆಗೆ ಎರರ್. ಎರರ್ ಬಂದರೆ ಪರವಾಗಿಲ್ಲ. ಒಮ್ಮೊಮ್ಮೆ ನಂಬುವ ಹಾಗಿರುವ ತಪ್ಪು ಸಂಖ್ಯೆ ಬರುತ್ತದೆ, ಅದು ಅಪಾಯ. ಎಡಗೈಗೆ ಸುತ್ತಿ, ತೋಳನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟು, ಮಾತಾಡಿಸದೆ ಎರಡು ಸಲ ನೋಡಿದರೆ ರೀಡಿಂಗ್ ಹತ್ತಿರ ಹತ್ತಿರ ಬರುತ್ತವೆ. ಎರಡೂ ಕೈಗಳ ಬಿಪಿಯಲ್ಲಿ ವ್ಯತ್ಯಾಸ ಇದೆಯಾ ಅಂತ ಡಾಕ್ಟರ ಹತ್ತಿರ ಮೊದಲೇ ಒಮ್ಮೆ ನೋಡಿಸಿಕೊಳ್ಳಿ.

ಎದೆಬಡಿತ ಏರುಪೇರಾಗಿದೆ ಅನ್ನುವ ಗುರುತು ಮಿನುಗಿದರೂ ತಕ್ಷಣ ಗಾಬರಿ ಬೇಡ. ಕೈ ಅಲುಗಿದರೂ ಅದು ಬರುತ್ತದೆ. ಇಸಿಜಿಯಲ್ಲೂ ನಡುಕದ ಗೆರೆಗಳು ಏಟ್ರಿಯಲ್ ಫ್ಲಟರ್ (ಹೃದಯದ ಮೇಲಿನ ಕೋಣೆಗಳು ವಿಪರೀತ ವೇಗವಾಗಿ ಬಡಿಯುವ ತೊಂದರೆ) ಥರ ಕಾಣಬಹುದು, ಯಾಕಂದ್ರೆ ಎರಡರ ವೇಗವೂ ನಿಮಿಷಕ್ಕೆ 300ರ ಆಸುಪಾಸು. ಆದರೆ ನಡುಕ ನಿಂತಾಗಲೂ ಗುರುತು ಬರುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಇಷ್ಟೆಲ್ಲ ಸರಿ ಮಾಡಿಕೊಂಡರೂ, ಕೂತು ನೋಡಿದ ಒಂದು ರೀಡಿಂಗ್‌ನಿಂದ ಪಾರ್ಕಿನ್ಸನ್ಸ್ ಇರುವವರ ಬಿಪಿ ಗೊತ್ತಾಗುವುದಿಲ್ಲ. ಎದ್ದು ನಿಂತಾಗ ರಕ್ತನಾಳಗಳನ್ನು ಬಿಗಿ ಮಾಡುವ ನರಗಳನ್ನೇ ಈ ಕಾಯಿಲೆ ಕೆಡಿಸಬಹುದು. ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೊಡೋಪಾ ಮಾತ್ರೆಯೂ ಬಿಪಿ ಇಳಿಸಬಹುದು. ಅದಕ್ಕೆ ಅಪ್ಪನನ್ನು 5 ನಿಮಿಷ ಮಲಗಿಸಿ ಒಂದು ರೀಡಿಂಗ್, ನಿಂತು 1 ನಿಮಿಷಕ್ಕೆ ಒಂದು, 3 ನಿಮಿಷಕ್ಕೆ ಇನ್ನೊಂದು ತೆಗೆಯುತ್ತೇವೆ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗ ಬಿಪಿ ಬೀಳುವ ತೊಂದರೆ. ಒಂದು ಬೆಳಿಗ್ಗೆ ಅಪ್ಪನಿಗೆ ಮಲಗಿದಾಗ 158/88 ಇತ್ತು, ನಿಂತಾಗ 112/66. ನಾಡಿ 72ರಿಂದ 78ಕ್ಕೆ ಮಾತ್ರ ಏರಿತ್ತು. ಬಿಪಿ ಅಷ್ಟು ಬಿದ್ದಾಗ ನಾಡಿ ಜೋರಾಗಿ ಓಡಬೇಕು. ಓಡದಿದ್ದರೆ ನರಗಳ ಮೇಲೆ ಸಂಶಯ ಅಂದರು ನ್ಯೂರಾಲಜಿಸ್ಟ್. ಬೀಟಾ ಬ್ಲಾಕರ್ (ಎದೆಬಡಿತ ನಿಧಾನ ಮಾಡುವ) ಮಾತ್ರೆ ತಗೊಳ್ಳುವವರಲ್ಲಿ ನಾಡಿ ಹೇಗೂ ಏರುವುದು ಕಡಿಮೆ, ಅದನ್ನೂ ಡಾಕ್ಟರಿಗೆ ಹೇಳಬೇಕು. ಮಲಗಿದಾಗಿನ ಸಂಖ್ಯೆ ಒಂದನ್ನೇ ನೋಡಿ ಬಿಪಿ ಮಾತ್ರೆ ಜಾಸ್ತಿ ಮಾಡಿದರೆ, ಇಂಥವರು ಬಚ್ಚಲಿಗೆ ಹೋಗುವ ದಾರಿಯಲ್ಲೇ ಬೀಳುತ್ತಾರೆ.

ನಿಂತಾಗಲೇ ಈ ಮಷೀನ್ ಜೊತೆ ಹೆಚ್ಚು ಕಷ್ಟ. ಅಳೆದು ಮುಗಿಸಲು ಅದಕ್ಕೆ ಅರ್ಧ ನಿಮಿಷಕ್ಕೂ ಜಾಸ್ತಿ ಬೇಕು, ತಲೆ ಸುತ್ತುವವರಿಗೆ ಅದು ಬಹಳ ಹೊತ್ತು. ಅಪ್ಪನ ಹಿಂದೆ ಮೊಣಕಾಲಿಗೆ ತಾಗುವಂತೆ ಕುರ್ಚಿ ಇಟ್ಟಿರುತ್ತೇವೆ. ಅಮ್ಮ ಸೊಂಟ ಹಿಡಿಯುತ್ತಾರೆ, ನಾನು ತೋಳನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತೇನೆ. ಪಟ್ಟಿ ಎದೆಯ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೂ ಬಿಪಿ 7-8 ಜಾಸ್ತಿ ತೋರಿಸಿ, ಬಿದ್ದದ್ದು ಮುಚ್ಚಿಹೋಗುತ್ತದೆ. ಇನ್ನೊಂದು ಕೊರತೆ ಮೆಮೊರಿಯದ್ದು. ತಾರೀಕು, ಗಂಟೆ ಇರುತ್ತದೆ. ಮಲಗಿದ್ದರೋ ನಿಂತಿದ್ದರೋ, ಊಟದ ಮುಂಚೆಯೋ ಆಮೇಲೋ, ಮಾತ್ರೆ ಎಷ್ಟು ಹೊತ್ತಿಗೆ ತಗೊಂಡದ್ದು, ಒಂದೂ ಇರುವುದಿಲ್ಲ. ನೋಟ್‌ಬುಕ್ಕೇ ಗತಿ. ಡಾಕ್ಟರು ನೋಡುವುದೂ ಅದನ್ನೇ.

ನಾಡಿ ತೋರಿಸುವ ಸ್ಮಾರ್ಟ್ ವಾಚನ್ನೂ ಬಳಸಿ ನೋಡಿದೆವು. ನಡುಗುವ ಮಣಿಕಟ್ಟಿನ ಮೇಲೆ ಅದರ ಸಂಖ್ಯೆ ಮನಸ್ಸಿಗೆ ಬಂದ ಹಾಗೆ ಕುಣಿಯುತ್ತದೆ. ಬೇಡ.

ಬಿಪಿ ಮಷೀನ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಮಣಿಕಟ್ಟಿನದ್ದು ಬಿಟ್ಟು ತೋಳಿನದ್ದೇ ತಗೊಳ್ಳಿ, ಅದಕ್ಕೂ ಮುಂಚೆ ತೋಳಿನ ಸುತ್ತಳತೆ ನೋಡಿ. ಈ ಕಾಯಿಲೆಯಲ್ಲಿ ಎಷ್ಟೋ ಜನ ತೂಕ ಕಳೆದುಕೊಳ್ಳುತ್ತಾರೆ. ಸಣ್ಣ ತೋಳಿಗೆ ದೊಡ್ಡ ಪಟ್ಟಿಯಾದರೆ ಬಿಪಿ ಕಡಿಮೆ ತೋರಿಸುತ್ತದೆ. ಸಣ್ಣ ಪಟ್ಟಿ ಬೇರೆಯಾಗಿ ಸಿಗುತ್ತದೆ, ಅಂಗಡಿಯಲ್ಲಿ ಕೇಳಿ ತರಿಸಿಕೊಳ್ಳಿ.