ಇಸವಿ ಎರಡೆರಡಾಗಿ ಕಾಣುವ ನಾಣ್ಯ: ಯಾವುದನ್ನು ಆರಿಸಬೇಕು?

ಉಡುಪಿ ರಥಬೀದಿಯಲ್ಲಿ ಚಿಲ್ಲರೆಯಾಗಿ ಸಿಕ್ಕ ಒಂದು ರೂಪಾಯಿಯಲ್ಲಿ ಇಸವಿ ಎರಡೆರಡಾಗಿ ಕಂಡರೆ ಖುಷಿಯಾಗುತ್ತದೆ, ಅಲ್ವಾ? ಆದರೆ ಹಾಗೆ ಕಾಣಲು ಎರಡು ಕಾರಣಗಳಿರಬಹುದು. ಬೆಲೆ ಇರುವುದು ಒಂದಕ್ಕೆ ಮಾತ್ರ.

ಬೆಲೆ ಇರುವುದು ಡಬಲ್ ಡೈಗೆ. ಇದರಲ್ಲಿ ತಪ್ಪು ನಾಣ್ಯ ಹೊಡೆಯುವ ಅಚ್ಚಿನಲ್ಲೇ (ಡೈ) ಇರುತ್ತದೆ. ಅಚ್ಚು ತಯಾರಿಸುವಾಗಲೇ ಚಿತ್ರ ಸ್ವಲ್ಪ ಸರಿದು ಎರಡು ಸಲ ಮೂಡಿರುತ್ತದೆ. ಹಾಗಾಗಿ ಆ ಅಚ್ಚಿನಿಂದ ಹೊಡೆದ ಎಲ್ಲ ನಾಣ್ಯಗಳಲ್ಲೂ ಅದೇ ಗುರುತು. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನೋಡಿ. ಅಕ್ಷರ ದಪ್ಪಗಿರುತ್ತದೆ, ಎರಡೂ ಗೆರೆ ದುಂಡಗೆ ಉಬ್ಬಿರುತ್ತವೆ, ಮೂಲೆಯಲ್ಲಿ ಸಣ್ಣ ಕಚ್ಚು ಕಾಣುತ್ತದೆ. ಅಮೆರಿಕದ 1955ರ ಒಂದು ಸೆಂಟ್ ಇದಕ್ಕೆ ಹೆಸರುವಾಸಿ. ಅದರಲ್ಲಿ ಬರಿಗಣ್ಣಿಗೇ ಗೊತ್ತಾಗುತ್ತದೆ.

ಎರಡನೇ ಕಾರಣ ಮೆಷಿನ್ ಡಬ್ಲಿಂಗ್. ಇದರಲ್ಲಿ ಅಚ್ಚು ಸರಿಯಾಗಿಯೇ ಇರುತ್ತದೆ. ಹೊಡೆಯುವ ಹೊತ್ತಿಗೆ ಅದು ಅಲುಗಿ ಅಕ್ಷರದ ಬದಿಯನ್ನು ಒತ್ತಿಬಿಡುತ್ತದೆ. ಎರಡನೇ ಗೆರೆ ಮೆಟ್ಟಿಲಿನ ಹಾಗೆ ಚಪ್ಪಟೆ, ಅಕ್ಷರ ಸಪೂರ. ಇದು ಬೇಕಾದಷ್ಟು ಸಿಗುತ್ತದೆ. ನಾನಂತೂ ಇದಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೊಡುವುದಿಲ್ಲ.

ಯಾವುದೇ ಇರಲಿ, ಹುಣಸೆಹುಳಿ ಹಾಕಿ ಮಾತ್ರ ತಿಕ್ಕಬೇಡಿ. ನೋಡಬೇಕಾದ ಅಂಚೇ ಸವೆದುಹೋಗುತ್ತದೆ.