ಹನುಮಂತನಗರದ ಮಹಡಿ ಮನೆ, ಸಾಗರದ ಹಂಚಿನ ಮನೆ

ಬೆಂಗಳೂರು ಬಿಟ್ಟು ಸಾಗರಕ್ಕೆ ಬಂದ ಮೇಲೆ ಎರಡು ಮಳೆಗಾಲ ಕಳೆದವು. ಅಲ್ಲಿ ಇದ್ದದ್ದು ಹದಿಮೂರು ವರ್ಷ, 2011ರಿಂದ 2024ರ ಮೇ ತಿಂಗಳವರೆಗೆ, ಹನುಮಂತನಗರದ ಒಂದು ಮಹಡಿ ಮನೆಯಲ್ಲಿ. ಫೋನ್ ಮಾಡುವ ಗೆಳತಿಯರೆಲ್ಲ ಮೊದಲು ಹೇಳುವುದು ಒಂದೇ ಮಾತು: "ಅಂತೂ ಟ್ರಾಫಿಕ್ ಕಾಟ ತಪ್ಪಿಸಿಕೊಂಡೆ." ಆ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಕೆಲಸ ಪುಸ್ತಕಗಳ ಕರಡು ತಿದ್ದುವುದು, ಪೀಣ್ಯದ ಒಂದು ಮುದ್ರಣಾಲಯದಲ್ಲಿ. ಮೊದಲ ಆರು ವರ್ಷ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ, ಕಾಲು ಸೋತು ನಿಂತು, ಒಂದೂವರೆ ಗಂಟೆ ಪ್ರಯಾಣ ಮಾಡುತ್ತಿದ್ದೆ, ನಿಜ. 2017ರ ಜೂನ್‌ನಲ್ಲಿ ಮೆಟ್ರೊ ಹಸಿರು ಮಾರ್ಗ ನಮ್ಮ ಕಡೆಗೂ ಬಂತು. ನ್ಯಾಷನಲ್ ಕಾಲೇಜಿನಲ್ಲಿ ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಪೀಣ್ಯ. ಆ ರೈಲಿನಲ್ಲಿ ಕೂತು ಓದಿದಷ್ಟು ಪುಸ್ತಕಗಳನ್ನು ಮತ್ತೆಲ್ಲೂ ಓದಿಲ್ಲ. ನಮ್ಮನ್ನು ಊರು ಬಿಡಿಸಿದ್ದು ರಸ್ತೆಯಲ್ಲ.

ಬಿಡಿಸಿದ್ದು ಅತ್ತೆಯವರ ಮಂಡಿನೋವು, ಮತ್ತು ನೀರು. 2024ರ ಬೇಸಿಗೆಯಲ್ಲಿ ನಮ್ಮ ಮನೆಯ ಕೊಳವೆ ಬಾವಿ ಬತ್ತಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಪ್ರಕಟಿಸಿದ ಮಾರ್ಚ್ ಅದು. ಟ್ಯಾಂಕರ್ ಬರುವುದು ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ. ಕೆಳಗಿನ ಮನೆಯವರೂ ನಾವೂ ಒಂದೇ ಪೈಪಿನ ಎರಡು ತುದಿ ಹಿಡಿದು ನಿಂತಿರುತ್ತಿದ್ದೆವು. ಹದಿಮೂರು ವರ್ಷದಲ್ಲಿ ಅವರ ಮನೆಯ ಹಿರಿಯ ಮಗನ ಹೆಸರು ನನಗೆ ತಿಳಿದದ್ದು ಆ ರಾತ್ರಿಗಳಲ್ಲಿ. ಅದೇ ವಾರ ಊರಿನಿಂದ ಭಾವನವರು ಫೋನ್ ಮಾಡಿ, ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಪೇಟೆಯಲ್ಲಿ ಆಸ್ಪತ್ರೆ ಹತ್ತಿರವಿರುವ ಕಡೆ ಇಟ್ಟುಕೊಳ್ಳಬೇಕು ಎಂದರು. ನನ್ನ ಯಜಮಾನರ ಊರು ಸಾಗರ ತಾಲ್ಲೂಕು. ನಾನು ತಿಪಟೂರಿನ ಕಡೆಯವಳು, ಮಲೆನಾಡಿನ ಮಳೆ ನನಗೆ ನೆಂಟರ ಮನೆಯದು. ಹಾಗಾಗಿ ಊರಿನ ಹಂಬಲದಿಂದ ಬಂದವಳ ಮಾತು ಇದಲ್ಲ.

ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಸಣ್ಣ ಊರು ಅಗ್ಗ ಎಂಬ ಮಾತು ಅರ್ಧ ಮಾತ್ರ ಸರಿ. ಹನುಮಂತನಗರದಲ್ಲಿ ಬಾಡಿಗೆ 18,000, ಮುಂಗಡ ಒಂದೂವರೆ ಲಕ್ಷ. ಇಲ್ಲಿ ಹಿತ್ತಿಲು, ಬಾವಿ, ಬಚ್ಚಲ ಒಲೆ ಇರುವ ಹಂಚಿನ ಮನೆಗೆ 7,500. ಆದರೆ ಯಜಮಾನರ ಸಂಬಳ 42,000 ಇದ್ದದ್ದು 22,000ಕ್ಕೆ ಇಳಿಯಿತು. ಅವರು ಈಗ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನನಗೆ ಪುಟದ ಲೆಕ್ಕದಲ್ಲಿ ಕೂಲಿ, ಅದು ಎಲ್ಲಿ ಕೂತರೂ ಒಂದೇ. ಇನ್ವರ್ಟರ್, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಇಂಟರ್ನೆಟ್ ಸಂಪರ್ಕ, ಶಿವಮೊಗ್ಗ-ಬೆಂಗಳೂರು ಓಡಾಟ, ಇವೆಲ್ಲ ಸೇರಿ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ಅಲ್ಲಿ ಉಳಿಯುತ್ತಿದ್ದಷ್ಟೇ, ಒಮ್ಮೊಮ್ಮೆ ಅದಕ್ಕೂ ಕಡಿಮೆ. ಉಳಿತಾಯಕ್ಕಾಗಿ ಊರು ಬದಲಿಸುವವರು ಇದನ್ನು ಗಮನದಲ್ಲಿಡಬೇಕು. ಊರಿನ ಇಡೀ ವ್ಯಾಪಾರ ಒಂದೇ ಬೆಳೆಯನ್ನು ನೆಚ್ಚಿಕೊಂಡಿದೆ ಎಂಬುದೂ ಇಲ್ಲಿಗೆ ಬಂದ ಮೇಲೆ ಅರ್ಥವಾಯಿತು. ರಾಶಿ ಅಡಿಕೆಗೆ ಧಾರಣೆ ಏರಿದ ವಾರ ಬಟ್ಟೆ ಅಂಗಡಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ತೋಟಕ್ಕೆ ಎಲೆಚುಕ್ಕಿ ರೋಗ ಹರಡಿದ ಸುದ್ದಿ ಬಂದರೆ ಹೋಟೆಲ್‌ನಲ್ಲಿ ಮಾತೇ ಸಣ್ಣದಾಗುತ್ತದೆ.

ಮಗನ ವಿಷಯದಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ತುಂಬುವವರೆಗೂ ಅವನು ಒಬ್ಬನೇ ರಸ್ತೆ ದಾಟಿರಲಿಲ್ಲ. ನಾನು ಬಿಟ್ಟಿರಲಿಲ್ಲ ಎಂಬುದೇ ಸರಿಯಾದ ಮಾತು. ಇಲ್ಲಿಗೆ ಬಂದ ಮೂರನೆಯ ವಾರ ಸೈಕಲ್ ಏರಿ ಶಾಲೆಗೆ ಹೊರಟ. ಮೊದಲ ದಿನ ಬಾಗಿಲಲ್ಲಿ ನಿಂತು ಎದೆ ಹೊಡೆದುಕೊಳ್ಳುತ್ತಿದ್ದಾಗ ಕಿರಾಣಿ ಅಂಗಡಿಯವರು ಫೋನ್ ಮಾಡಿ, "ನಿಮ್ಮ ಹುಡುಗ ಈಗ ತಾನೇ ನಮ್ಮ ಮುಂದೆ ಹೋದ, ಸರಿಯಾಗಿ ಎಡಬದಿಯಲ್ಲೇ ಹೋದ" ಎಂದರು. ನನ್ನ ನಂಬರ್ ಅವರಿಗೆ ಕೊಟ್ಟವಳು ನಾನಲ್ಲ.

ಆ ಫೋನ್ ಕರೆಯಲ್ಲೇ ಸಣ್ಣ ಊರಿನ ಸವಿಯೂ ಇದೆ, ಭಾರವೂ ಇದೆ. ಬೆಂಗಳೂರಿನಲ್ಲಿ ನಾನು ಯಾರೂ ಅಲ್ಲ. ಇಲ್ಲಿ ನಾನು ಇಂಥವರ ಮನೆಯ ಎರಡನೆಯ ಸೊಸೆ. ಯಾರೂ ಅಲ್ಲದಿರುವುದರಲ್ಲಿ ಎಷ್ಟು ಸುಖವಿತ್ತು ಎಂಬುದನ್ನು ಬಿಟ್ಟು ಬಂದ ಮೇಲೆ ತಿಳಿದೆ. ಪುಸ್ತಕ ಮುದ್ರಣಕ್ಕೆ ಹೋಗುವ ಅವಸರದ ದಿನಗಳಲ್ಲಿ ರಾತ್ರಿ ಹನ್ನೊಂದಕ್ಕೆ ಮನೆ ಸೇರಿದರೂ ಹನುಮಂತನಗರದಲ್ಲಿ ಒಬ್ಬರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಇಲ್ಲಿ ಸಂಜೆ ಗಣಪತಿ ಕೆರೆಯ ಕಡೆ ಸುಮ್ಮನೆ ನಡೆದು ಬಂದರೆ ನಾಲ್ಕು ಜನ "ಏನು, ಒಬ್ಬರೇ ಹೊರಟಿರಿ?" ಎನ್ನುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೂ ಐದನೆಯ ಸಲ ಉತ್ತರ ಹೇಳುವಾಗ ಕಾಲು ಮನೆಯ ಕಡೆ ತಿರುಗುತ್ತದೆ. ಮನೆ ಹುಡುಕುವಾಗ "ನೀವು ಯಾವ ಪೈಕಿ?" ಎಂಬ ಪ್ರಶ್ನೆಯನ್ನು ಎರಡು ಊರುಗಳಲ್ಲೂ ಕೇಳಿಸಿಕೊಂಡಿದ್ದೇನೆ, ಆ ವಿಷಯದಲ್ಲಿ ಬೆಂಗಳೂರು ದೊಡ್ಡದೇನಲ್ಲ. ಒಂದು ವ್ಯತ್ಯಾಸವಿದೆ. ಅಲ್ಲಿ ಹತ್ತು ಬಾಗಿಲು ಮುಚ್ಚಿದರೆ ಹನ್ನೊಂದನೆಯದು ತೆರೆಯುತ್ತದೆ. ಇಲ್ಲಿ ಇರುವುದೇ ಹತ್ತು ಬಾಗಿಲು. ಮದುವೆಯಾಗದೆ ಒಬ್ಬಳೇ ಬದುಕುವ ನನ್ನ ಸಹೋದ್ಯೋಗಿಯೊಬ್ಬಳು ನನ್ನನ್ನು ನೋಡಿ ತಾನೂ ಇಂಥ ಊರಿಗೆ ಬರಲೇ ಎಂದು ಕೇಳಿದಾಗ, ಬಾ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ಆ ರಾತ್ರಿಯ ಮಾತು.

2025ರ ಜುಲೈ ಕೊನೆ. ಮಳೆ ಹಿಡಿದು ನಾಲ್ಕು ದಿನವಾಗಿತ್ತು, ಕರೆಂಟ್ ಇರಲಿಲ್ಲ. ರಾತ್ರಿ ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ ಯಜಮಾನರು ಎದ್ದು ಕೂತು, ಎಡಭುಜ ಒತ್ತಿಕೊಂಡು, "ಏನೋ ಸರಿಯಿಲ್ಲ" ಎಂದರು. ಮೊಬೈಲ್ ಬೆಳಕಿನಲ್ಲಿ ಮುಖ ನೋಡಿದೆ, ಬೆವರು ಇಳಿಯುತ್ತಿತ್ತು. ಆ ಚಳಿಯಲ್ಲಿ ಬೆವರು. ಪಕ್ಕದ ಮನೆಯವರು ನಿವೃತ್ತ ಬಸ್ ನಿರ್ವಾಹಕರು. ಬಾಗಿಲು ಎರಡನೆಯ ಸಲ ಬಡಿಯುವಷ್ಟರಲ್ಲಿ ಕಂಬಳಿ ಹೊದ್ದೇ ಹೊರಬಂದು ಕಾರು ತೆಗೆದರು. ತಾಲ್ಲೂಕು ಕೇಂದ್ರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಮಾತ್ರೆ ಕೊಟ್ಟರು, ಶಿವಮೊಗ್ಗಕ್ಕೆ ಹೋಗಬೇಕು ಎಂದರು. ಆಂಬುಲೆನ್ಸ್ ಹತ್ತುವಾಗ ಆ ಹಿರಿಯರು ಹೇಳಿದ್ದು ಇಷ್ಟು: "ನೀವು ಹತ್ತಿ ತಂಗಿ, ಹುಡುಗ, ಅಮ್ಮ ನಮ್ಮ ಮನೆಯಲ್ಲಿರುತ್ತಾರೆ."

ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಆನಂದಪುರ, ಕುಂಸಿ, ಆಯನೂರು. ಈ ಹೆಸರುಗಳನ್ನು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ಓದಿದ್ದೇನೋ. ಆ ರಾತ್ರಿ ಒಂದೊಂದು ಹೆಸರಿಗೂ ಒಂದೊಂದು ಯುಗ. ಆನಂದಪುರ ದಾಟುವಾಗ ರಸ್ತೆಗೆ ಬಿದ್ದ ಕೊಂಬೆ ಸರಿಸಲು ಚಾಲಕ ಇಳಿದ. ವೈಪರ್ ಆಡುವ ಸದ್ದು, ಯಜಮಾನರ ಉಸಿರಿನ ಸದ್ದು, ಎರಡನ್ನೂ ಬೇರೆ ಬೇರೆ ಎಣಿಸುತ್ತಾ ಕೂತಿದ್ದೆ. ಒಂದು ಗಂಟೆ ಮೂವತ್ತೈದು ನಿಮಿಷ ಹಿಡಿಯಿತು. ಹನುಮಂತನಗರದ ಮನೆಯಿಂದ ಜಯದೇವ ಹೃದ್ರೋಗ ಆಸ್ಪತ್ರೆಗೆ ಆ ಹೊತ್ತಿನಲ್ಲಿ ಆಟೊದಲ್ಲಿ ಇಪ್ಪತ್ತೈದು ನಿಮಿಷ ಸಾಕು. ಆ ಲೆಕ್ಕವನ್ನು ದಾರಿಯುದ್ದಕ್ಕೂ ಮಾಡಿದೆ, ಇವತ್ತಿಗೂ ಬಿಟ್ಟಿಲ್ಲ. ಅವರು ಉಳಿದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ವೈದ್ಯರು ಮೆಲ್ಲಗೆ ಹೇಳಿದರು.

ಆರನೆಯ ದಿನ ಮನೆಗೆ ಬಂದೆವು. ಅಂಗಳದ ಪಾಚಿಯನ್ನು ಯಾರೋ ಉಜ್ಜಿ ತೆಗೆದಿದ್ದರು, ಯಜಮಾನರು ಜಾರಿ ಬೀಳಬಾರದೆಂದು. ಯಾರು ಎಂದು ಇವತ್ತಿಗೂ ಗೊತ್ತಾಗಿಲ್ಲ. ಅತ್ತೆಗೆ ಎರಡು ಹೊತ್ತೂ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ ಎದುರು ಮನೆಯಿಂದ ಬಂದಿತ್ತು. ಮಗನ ಸಮವಸ್ತ್ರವನ್ನು ಒಲೆಯ ಮೇಲೆ ಕಟ್ಟಿದ ಗಳದಲ್ಲಿ ಒಣಗಿಸಿ ಇಸ್ತ್ರಿ ಮಾಡಿಟ್ಟಿದ್ದರು. ಆ ವಾರ ಇಪ್ಪತ್ತಕ್ಕೂ ಹೆಚ್ಚು ಜನ ನೋಡಲು ಬಂದರು, ಎಳನೀರು ತಂದರು, ಒಬ್ಬರು ಕಷಾಯದ ಬೇರು ತಂದರು, ಇಬ್ಬರು ಆಸ್ಪತ್ರೆಗೆ ಎಷ್ಟು ಖರ್ಚಾಯಿತು ಎಂದೂ ಕೇಳಿದರು. 2019ರಲ್ಲಿ ಬೆಂಗಳೂರಿನಲ್ಲಿ ಇವರಿಗೇ ಡೆಂಗಿ ಬಂದು ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಕರೆದುಕೊಂಡು ಬಂದ ದಿನ ಕೆಳಗಿನ ಮನೆಯವರು, "ಊರಿಗೆ ಹೋಗಿದ್ದಿರಾ?" ಎಂದು ಕೇಳಿದ್ದರು. ಅವರು ಒಳ್ಳೆಯ ಜನ. ನಾವೂ ಹೇಳಿರಲಿಲ್ಲ, ಹೇಳುವ ರೂಢಿಯೇ ಅಲ್ಲಿ ಬೆಳೆದಿರಲಿಲ್ಲ.

ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಲು ನನ್ನಿಂದ ಆಗುವುದಿಲ್ಲ. ನೆರೆಯವರ ಅಕ್ಕರೆಯಿಂದ ರಕ್ತನಾಳ ಬಿಡಿಸಲಾಗದು. ಪಟ್ಟಣದ ಸೊಬಗನ್ನು ಹಾಡಿ ಹೊಗಳುವವರು ಆಸ್ಪತ್ರೆಯ ದೂರವನ್ನು ಸಣ್ಣಕ್ಷರದಲ್ಲಿ ಬರೆದಾಗ ನನಗೆ ಸಿಟ್ಟು ಬರುತ್ತದೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅರವತ್ತು ವರ್ಷ ದಾಟಿದ ಮೇಲೂ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಅದರಿಂದ ಸತ್ತರು. ನನ್ನ ದಾರಿಗೆ ಮೆಟ್ರೊ 2017ರಲ್ಲೇ ಬಂದಿತ್ತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದು, ಹಿನ್ನೀರಿನ ಆಚೆ ಉಳಿದುಹೋದ ತುಮರಿ ಸುತ್ತಿನವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈ 14ರಂದು. ಅಲ್ಲಿಯವರೆಗೆ ಅವರ ಬಸ್ಸೂ, ಬಾಣಂತಿಯೂ, ಅಡಿಕೆ ಮೂಟೆಯೂ ಲಾಂಚ್ ಕಾಯಬೇಕಿತ್ತು. ಆ ನೀರಿನಿಂದ ಹುಟ್ಟಿದ ವಿದ್ಯುತ್ತಿನಲ್ಲಿ ನಾನು ಬೆಂಗಳೂರಿನಲ್ಲಿ ಎಷ್ಟೋ ರಾತ್ರಿ ಕರಡು ತಿದ್ದಿದ್ದೇನೆ. ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರು ಒಯ್ಯುವ ಯೋಜನೆಯ ವಿರುದ್ಧ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆದಾಗ, ಸುದ್ದಿ ಓದಿ, ಆ ನೀರು ಬಂದರೆ ನಮ್ಮ ನಲ್ಲಿಗೂ ಬರುತ್ತದೆಯೇ ಎಂದು ಯೋಚಿಸಿದ್ದೆ. ಈಗ ನನ್ನ ಬಿಂದಿಗೆಗೆ ಬೀಳುವುದು ಅದೇ ಶರಾವತಿ. ಆಗ ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಗುತ್ತದೆ.

ಮಳೆಗಾಲದ ಕಷ್ಟವನ್ನು ಚುಟುಕಾಗಿ ಹೇಳುತ್ತೇನೆ: ಕರೆಂಟ್ ಇಲ್ಲದೆ ಎರಡು ಪುಸ್ತಕಗಳ ಗಡುವು ತಪ್ಪಿತು, ನಿಘಂಟಿನ ಬೆನ್ನಿಗೆ ಬೂಷ್ಟು ಬಂತು.

ನಾಟಕದ ಮಾತಿನಲ್ಲಿ ಮಾತ್ರ ನನ್ನ ಎಣಿಕೆ ಪೂರ್ತಿ ತಲೆಕೆಳಗಾಯಿತು. ಕಲೆ, ಸಾಹಿತ್ಯ ಎಲ್ಲ ಬೆಂಗಳೂರಿನಲ್ಲೇ ಉಳಿಯುತ್ತದೆ ಎಂದುಕೊಂಡು ಬಂದಿದ್ದೆ. ಲೆಕ್ಕ ಹಾಕಿದರೆ, ಹದಿಮೂರು ವರ್ಷದಲ್ಲಿ ಜೆ.ಪಿ. ನಗರದ ರಂಗಶಂಕರಕ್ಕೆ ನಾನು ಹೋದದ್ದು ಐದು ಸಲ. ಇಲ್ಲಿಂದ ಹೆಗ್ಗೋಡು ಹತ್ತು ಕಿಲೋಮೀಟರ್ ಒಳಗೆ. 1949ರಲ್ಲಿ ಅಲ್ಲಿನ ಹಳ್ಳಿಯವರೇ ಕಟ್ಟಿಕೊಂಡ ನಾಟಕ ಸಂಸ್ಥೆ ನೀನಾಸಂಗೆ ಒಂದೂವರೆ ವರ್ಷದಲ್ಲಿ ಹನ್ನೊಂದು ಸಲ ಹೋಗಿದ್ದೇನೆ, ಎರಡು ಸಲ ಅತ್ತೆಯವರೂ ಬಂದಿದ್ದಾರೆ. ಮೊದಲ ಸಲ ನಾಟಕ ಮುಗಿದ ಮೇಲೆ ಪಕ್ಕದಲ್ಲಿ ಕೂತಿದ್ದ ಕೃಷಿಕರೊಬ್ಬರು, ಬೆರಳಲ್ಲಿ ಇನ್ನೂ ಅಡಿಕೆಗೆ ಹೊಡೆಯುವ ಕೊಳೆಮದ್ದಿನ ನೀಲಿ ಇರುವವರು, ಎರಡನೆಯ ಅಂಕ ಏಕೆ ಸಡಿಲವಾಯಿತು ಎಂದು ನನಗೆ ಬಿಡಿಸಿ ಹೇಳಿದರು. ಎಲ್ಲ ಸಣ್ಣ ಊರಿಗೂ ಇಂಥ ಭಾಗ್ಯವಿಲ್ಲ. ತಿಪಟೂರಿನಲ್ಲಿ ಬೆಳೆದ ನಾನು ಆ ವ್ಯತ್ಯಾಸ ಬಲ್ಲೆ. ಸಾಗರವನ್ನು ನೋಡಿ ಎಲ್ಲ ಪಟ್ಟಣಗಳ ಬಗ್ಗೆ ಮಾತಾಡುವುದು ಸಲ್ಲ.

ಒಂದು ನೋವು ಉಳಿದಿದೆ. ನಮ್ಮ ಬೀದಿಯ ಹದಿನಾಲ್ಕು ಮನೆಗಳಲ್ಲಿ ಒಂಬತ್ತರಲ್ಲಿ ಇರುವವರು ವಯಸ್ಸಾದವರು ಮಾತ್ರ. ಕಂಬಳಿ ಹೊದ್ದು ಓಡಿಬಂದ ಆ ನಿರ್ವಾಹಕರ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿ, ಒಬ್ಬ ವೈಟ್‌ಫೀಲ್ಡ್‌ನಲ್ಲಿ, ಒಬ್ಬಳು ಹೆಬ್ಬಾಳದಲ್ಲಿ. ನಾವು ಸವಿಯುವ ಈ ನೆಮ್ಮದಿ, ಈ ಬಿಡುವು, ಈ ಖಾಲಿ ರಸ್ತೆ, ಇವೆಲ್ಲ ಆ ಮಕ್ಕಳು ಇಲ್ಲಿ ಇಲ್ಲದ್ದರಿಂದ ಆದದ್ದು ಎಂದು ನನಗೆ ಅನ್ನಿಸುತ್ತದೆ. ನನ್ನ ಮಗನೂ ಹತ್ತನೆಯದು ಮುಗಿಸಿ ಶಿವಮೊಗ್ಗಕ್ಕೋ ಮಂಗಳೂರಿಗೋ ಹೊರಡುವವನೇ. ಸೈಕಲ್ ಕಲಿಸಿದ ಊರು ಕೆಲಸ ಕೊಡಲಾರದು.

ಹೋದ ವಾರ ಬಾಡಿಗೆ ಮನೆಯ ಮಾಲೀಕರು ಬಂದು, ಬರುವ ಬೇಸಿಗೆಗೆ ಮನೆ ಬಿಡುವಿರಾ, ಕೇಳುವವರಿದ್ದಾರೆ ಎಂದರು. ನಾನು ಒಳಗೆ ಹೋಗಿ ಇವರನ್ನು ಕೇಳಲಿಲ್ಲ. ಬಿಡುವುದಿಲ್ಲ ಎಂದೆ. ಮೂರು ತಿಂಗಳಿಗೊಮ್ಮೆ ಹೃದಯದ ತಪಾಸಣೆಗೆ ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತೇವೆ. ಮಾತ್ರೆಗಳ ಡಬ್ಬಿ, ಇಸಿಜಿ ಕಾಗದಗಳು, ಶಿವಮೊಗ್ಗದ ಎರಡು ಆಂಬುಲೆನ್ಸ್ ನಂಬರ್ ಬಾಗಿಲ ಪಕ್ಕದ ಚೀಲದಲ್ಲಿ ಸದಾ ಸಿದ್ಧವಿರುತ್ತವೆ. ಪಕ್ಕದ ಮನೆಯ ಹಿರಿಯರಿಗೆ ರಕ್ತದೊತ್ತಡವಿದೆ, ಅವರ ಕಾಗದಗಳನ್ನೂ ಅದೇ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.