ಮಲೆನಾಡಿನ ಒಂದು ಮನೆಗೆ ನಾಲ್ಕು ಸಲ: ಆನ್‌ಲೈನ್ ಮ್ಯಾಪ್, ಆಫ್‌ಲೈನ್ ಮ್ಯಾಪ್, ಟೋಪೋಶೀಟ್, ಅಜ್ಜ

ನಮ್ಮ ದೊಡ್ಡಮ್ಮನ ಮಗ, ನನಗೆ ಅಣ್ಣ, ಸಿದ್ದಾಪುರ ತಾಲ್ಲೂಕಿನ ಒಳಗೆ ತೋಟದ ಪಕ್ಕ ಹೊಸ ಮನೆ ಕಟ್ಟಿಸಿದ್ದಾನೆ. ಗೃಹಪ್ರವೇಶಕ್ಕೆ ಕರೆದಾಗ ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸು ಎಂದೆ. ಕಳಿಸಿದ. ತೆಗೆದು ನೋಡಿದರೆ ಸಿದ್ದಾಪುರ ಬಸ್ ಸ್ಟ್ಯಾಂಡ್! ಮನೆಯಲ್ಲಿ ಸಿಗ್ನಲ್ ಇಲ್ಲ, ಪೇಟೆಗೆ ಬಂದಾಗ ಕಳಿಸಿದ್ದು, ಪಾಪ. ಆಮೇಲೆ ಆ ಮನೆಗೆ ಒಟ್ಟು ನಾಲ್ಕು ಸಲ ಬೈಕಿನಲ್ಲಿ ಹೋದೆ, ಸುಮ್ನೆ ಹುಚ್ಚಿಗೆ ಒಂದೊಂದು ಸಲ ಒಂದೊಂದನ್ನು ನಂಬಿಕೊಂಡು.

ಮೊದಲ ಸಲ ಆನ್‌ಲೈನ್ ಮ್ಯಾಪ್. ಯಾವ ಆ್ಯಪ್ ಅಂತ ಹೇಳುವುದಿಲ್ಲ, ಬಿಡಿ. ಸಾಗರ, ತಾಳಗುಪ್ಪ, ಸಿದ್ದಾಪುರ, ಇಲ್ಲಿಯವರೆಗೆ ಒಂದು ಮಾತಾಡುವ ಹಾಗಿಲ್ಲ. ಟ್ರಾಫಿಕ್, ಪೆಟ್ರೋಲ್ ಬಂಕ್, ಎಲ್ಲಿ ಟೀ ಸಿಗುತ್ತದೆ, ಎಲ್ಲ ಗೊತ್ತು ಅದಕ್ಕೆ. ಪೇಟೆ ದಾಟಿ ಊರಿನ ಹೆಸರು ಹಾಕಿದೆ ನೋಡಿ, ಅಲ್ಲಿಂದ ಶುರು. ಬಯಲುಸೀಮೆಯಲ್ಲಿ ಊರು ಎಂದರೆ ಒಟ್ಟಿಗಿರುವ ಮನೆಗಳು. ಮಲೆನಾಡಿನಲ್ಲಿ ಇಲ್ಲೊಂದು ಮನೆ, ಅಲ್ಲೊಂದು ಮನೆ, ನಡುವೆ ಗದ್ದೆ, ತೋಟ, ಅರ್ಧ ಕಿಲೋಮೀಟರ್ ಕಾನು. ಆ್ಯಪ್ ಊರಿನ ಚುಕ್ಕಿಯನ್ನು ಎಲ್ಲೋ ನಡುವೆ ಇಟ್ಟುಬಿಟ್ಟಿದೆ. "ನೀವು ತಲುಪಿದ್ದೀರಿ" ಅಂತು. ಎದುರಿಗೆ ಒಂದು ದಣಪೆ, ಅದರಾಚೆ ಸೊಪ್ಪಿನ ಬೆಟ್ಟ, ಒಂದು ಎಮ್ಮೆ. ಅಷ್ಟು ಹೊತ್ತಿಗೆ ಸಿಗ್ನಲ್ ಹೋಗಿತ್ತು. ಹೇಗೋ ಮನೆ ಸಿಕ್ಕಿದಾಗ ಊಟದ ಎರಡನೇ ಪಂಕ್ತಿ ಎದ್ದಿತ್ತು. ಬುದ್ಧಿ ಬಂದು ಅಂಗಳದಲ್ಲೇ ನಿಂತು ಸರಿಯಾದ ಪಿನ್ ಹಾಕಿಕೊಂಡೆ.

ಎರಡನೇ ಸಲ ಓಪನ್‌ಸ್ಟ್ರೀಟ್‌ಮ್ಯಾಪಿನ ಮಾಹಿತಿ ಬಳಸುವ ಆಫ್‌ಲೈನ್ ಆ್ಯಪ್. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿದ್ದು, ಯಾರು ಬೇಕಾದರೂ ತಮ್ಮೂರಿನ ರಸ್ತೆ ಬರೆದು ಸೇರಿಸಬಹುದಾದ ನಕ್ಷೆ. ತುಂಬಾ ಜನ ಸಿಗ್ನಲ್ ಇಲ್ಲದಿದ್ದರೆ ಜಿಪಿಎಸ್ಸೂ ಇಲ್ಲ ಅಂದುಕೊಂಡಿದ್ದಾರೆ. ಹಾಗಲ್ಲ. ಉಪಗ್ರಹಗಳು ಕಳಿಸುವುದನ್ನು ಫೋನು ಸುಮ್ನೆ ಕೇಳಿಸಿಕೊಳ್ಳುತ್ತದೆ, ನಾಲ್ಕು ಉಪಗ್ರಹ ಸಿಕ್ಕರೆ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ, ಮೊಬೈಲ್ ಟವರಿಗೂ ಅದಕ್ಕೂ ಸಂಬಂಧವಿಲ್ಲ. ನಕ್ಷೆ ಮಾತ್ರ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿರಬೇಕು. ದಟ್ಟ ಮರದ ಕೆಳಗೆ ನೀಲಿ ಚುಕ್ಕಿ ಸ್ವಲ್ಪ ಆಚೆ ಈಚೆ ಕುಣಿಯಿತು, ಅಷ್ಟೆ. ಹತ್ತಿರದ ದಾರಿ ಅಂತ ಒಂದು ಚುಕ್ಕಿಗೆರೆ ಹಿಡಿದು ಹೋದೆ. ಹಳ್ಳಕ್ಕೆ ಅಡಿಕೆ ಮರ ಹಾಸಿದ ಸಂಕ! ಚುಕ್ಕಿಗೆರೆ ಎಂದರೆ ಕಾಲುದಾರಿ ಅಂತ ನಾನೇ ನೋಡಿಕೊಳ್ಳಬೇಕಿತ್ತು. ಧರೆಗೂ ಹಳ್ಳಕ್ಕೂ ನಡುವೆ ಬೈಕ್ ತಿರುಗಿಸಿದ ಕಥೆ ಬೇಡ.

ಮೂರನೇ ಸಲಕ್ಕೆ ಗೆಳೆಯನ ಹತ್ತಿರ ಇದ್ದ ಹಳೆಯ ಟೋಪೋಶೀಟ್, ಅಂದರೆ ಗುಡ್ಡ, ಹಳ್ಳ, ದಾರಿ ಎಲ್ಲ ತೋರಿಸುವ ಕಾಗದದ ನಕ್ಷೆ, ತಂದೆ. 1767ರಿಂದ ಇರುವ ಸರ್ವೆ ಆಫ್ ಇಂಡಿಯಾದ ನಕ್ಷೆ, ಹಾಳೆಯ ಸಂಖ್ಯೆ 48ಜೆ/15. ಅಳತೆ 1:50,000, ಅಂದರೆ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಬೈಕಿನ ಮೇಲೆ ಇದು ದಂಡ, ಬಿಚ್ಚಿದರೆ ಗಾಳಿಗೆ ಹಾಯಿ. ಈಗಿನ ಟಾರು ರಸ್ತೆ ಅದರಲ್ಲಿ ಬರೀ ಗಾಡಿದಾರಿ. ಆದರೆ ಹಿಂದಿನ ರಾತ್ರಿ ಮೇಜಿನ ಮೇಲೆ ಹಾಸಿಕೊಂಡು ಕೂತೆ ನೋಡಿ, ಹನ್ನೊಂದೂವರೆ ಆದದ್ದೇ ಗೊತ್ತಾಗಲಿಲ್ಲ. ನೆಲದ ಎತ್ತರ ತೋರಿಸುವ ಕಂದು ಗೆರೆಗಳು, ಇಪ್ಪತ್ತು ಮೀಟರ್ ಎತ್ತರಕ್ಕೊಂದು. ಅಣ್ಣನ ಮನೆಯ ಹಿಂದೆ ಆ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಎಂದರೆ ಕಡಿದಾದ ಗುಡ್ಡ. ನಾಲ್ಕು ಹೆಜ್ಜೆ ದೂರದ ಮನೆಗೆ ರಸ್ತೆ ಯಾಕೆ ಮೂರು ಕಿಲೋಮೀಟರ್ ಸುತ್ತುತ್ತದೆ ಅಂತ ಆವತ್ತು ಗೊತ್ತಾಯಿತು. ಫೋನು ಎಡಕ್ಕೆ ತಿರುಗು ಅನ್ನುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಮರುದಿನ ಹಾಳೆ ಬ್ಯಾಗಿನಲ್ಲೇ ಇತ್ತು, ದಾರಿ ತಲೆಯಲ್ಲಿತ್ತು. ತಪ್ಪಲಿಲ್ಲ.

ನಾಲ್ಕನೇ ಸಲ ಫೋನ್ ಜೇಬಿಗೆ ಹಾಕಿ, ಬರೀ ಕೇಳಿಕೊಂಡು ಹೋದೆ. ಮೊದಲು ಸಿಕ್ಕವರು "ಇಲ್ಲೇ, ಒಂದು ಕೂಗಳತೆ" ಅಂದರು. ಎರಡೂವರೆ ಕಿಲೋಮೀಟರ್! ಯಾರ ಕೂಗೋ ಗೊತ್ತಿಲ್ಲ. ಕವಲಿನಲ್ಲಿ ಕಟ್ಟೆಯ ಮೇಲೆ ಕೂತ ಅಜ್ಜ ದಾರಿ ಹೇಳುವುದಕ್ಕೂ ಮೊದಲು ಯಾರ ಮನೆ, ಏನಾಗಬೇಕು, ಅಡಿಕೆಗೆ ಕೊಳೆ ಬಂದಿದೆಯಂತಾ ಅಂತ ಎಲ್ಲ ಕೇಳಿ, ಎಲೆ ಮಡಚಿ ಬಾಯಿಗಿಟ್ಟುಕೊಂಡು, ಆಮೇಲೆ ಹೇಳಿದರು: "ಈಗ ಸಂಕ ಇಲ್ಲ ಮಾರಾಯಾ, ಮಳೆಗೆ ಹೋಯ್ತು. ಹಲಸಿನ ಮರದ ಹತ್ರ ಬಲಕ್ಕೆ ಹೊಡಿ."

ಇದು ಯಾವ ಮ್ಯಾಪಿನಲ್ಲೂ ಇರಲಿಲ್ಲ.

ಹಾಗಂತ ಬರೀ ಅಜ್ಜನನ್ನು ನಂಬಿ ರಾತ್ರಿ ಎಂಟಕ್ಕೆ ಹೊರಟರೆ ಕಟ್ಟೆ ಖಾಲಿ ಇರುತ್ತದೆ ಅಲ್ವಾ. ನನ್ನ ಮಟ್ಟಿಗೆ ಹೆದ್ದಾರಿಗೆ ಆನ್‌ಲೈನ್, ಪೇಟೆ ದಾಟಿದ ಮೇಲೆ ಆಫ್‌ಲೈನ್, ಇವೆರಡೇ ಜಾಸ್ತಿ ಬಳಕೆ. ಒಂದನ್ನೇ ಆರಿಸು ಎಂದರೆ ಆಫ್‌ಲೈನೇ, ಯಾಕೆಂದರೆ ಅದರಲ್ಲಿ ಇಲ್ಲದ್ದನ್ನು ನಾವೇ ತುಂಬಬಹುದು. ಹಲಸಿನ ಮರದ ಹತ್ತಿರದ ಮಣ್ಣು ರಸ್ತೆ, ಕೇರಿಯ ಹೆಸರು ಕನ್ನಡದಲ್ಲೇ, ಎರಡನ್ನೂ ಕಳೆದ ಭಾನುವಾರ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸಿದೆ. ಸಂಕ ಮಳೆಗಾಲದಲ್ಲಿ ಇರುವುದಿಲ್ಲ ಅಂತಲೂ ಬರೆದೆ. ಅಣ್ಣನ ಮನೆಯನ್ನು ಮಾತ್ರ ಹಾಕಲಿಲ್ಲ. ಈಗಲೇ ಊಟದ ಹೊತ್ತಿಗೆ ಬರುವ ನೆಂಟರು ಸಾಕು ಅಂದರು ಅತ್ತಿಗೆ.